ಅಪ್ಪನ ಡಬ್ಬಿ

ಬಾಣ ಮತ್ತೆ ತಿರುಗಿತು. ಕಲ್ಯಾಣಕುಮಾರನೂ ತಿರುಗಿದ. ಕೈಯಲ್ಲಿದ್ದ ಜಿಪಿಎಸ್ ಯಂತ್ರ ನೂರಾ ನಲವತ್ತು ಮೀಟರ್ ಎಂದಿತು. ಈಗಷ್ಟೇ ತೊಂಬತ್ತು ಎಂದಿತ್ತು. ಸುತ್ತ ಎದೆಮಟ್ಟದ ತೊಗರಿ. ಕಿಣ್ಣಿ ಸುಲ್ತಾನದ ಹೊಲಗಳಲ್ಲಿ ಒಂದು ಸಾಲು ಇನ್ನೊಂದರ ಮಿಮಿಕ್ರಿ ಮಾಡುತ್ತ ನಿಂತಿದ್ದಂತಿತ್ತು.

ಜೇಬಿನಲ್ಲಿ ಮೊಬೈಲ್ ಗುಂಯ್‌ಗುಟ್ಟಿತು. ಹೆಂಡತಿ ಶಿವಗಂಗಾ.

“ಎಲ್ಲಿದ್ದೀರಿ?”

“ದಾರ್ಯಾಗ.”

“ನಾವು ಜೀಪಿನ್ಯಾಗ ಸೊನ್ನಕ್ಕ ಬಂದು ಮುಟ್ಟೇವಿ. ಮಾವಾರ ಸಂಗಾಟ ಬ್ಯಾರೇಜಿನ್ಯಾಗ ಕೆಲಸ ಮಾಡಿದೋರೆಲ್ಲಾ ಬೀಳ್ಕೊಡಾಕ ಹಾರ ಹಿಡ್ಕೊಂಡು ನಿಂತಾರ. ಹನ್ನೆರಡಕ್ಕ ಗೇಟ್ ಎತ್ತತಾರಂತ. ಅಷ್ಟರಾಗ ಮಾವಾರು ಇಲ್ಲಿರಬೇಕ್ರಿ. ಅವರದು ಅದೊಂದೇ ಆಸೆ ಇತ್ತು.”

“ಇರ್ತಾರ.”

“ನಿಮ್ಮ ಸಂಗಾಟನೇ ಅದಾರಲ್ರಿ?”

“ಮತ್ತೆಲ್ಲಿ ಹೋಗ್ತಾರ.”

“ತಗ್ಗು ದಿನ್ನಿ ನೋಡಿ ಗಾಡಿ ಹೊಡೀರಿ. ಮಾವಾರ್ನ ಕುಲುಕಿಸಬ್ಯಾಡ್ರಿ.”

ಅವನು ಹೇಳಿದ್ದು ಸುಳ್ಳು. ರಸ್ತೆಬದಿ ನಿಲ್ಲಿಸಿ ಬಂದ ಬೈಕಿನ ಹತ್ತಿರ ಯಾರೂ ಇರಲಿಲ್ಲ. ಗಂಟೆ ಒಂಬತ್ತೂವರೆ. ಸೊನ್ನ ಎರಡು ತಾಸಿನ ದಾರಿ. ಡಬ್ಬಿ ಸಿಗದೆ ಇಲ್ಲಿಂದ ಕದಲುವಂತಿಲ್ಲ.

ಆಟ ಅಪ್ಪನದು. ಬ್ಯಾರೇಜಿನ ಗೇಟು ಏರಿಸಿ ಇಳಿಸುವ ನೌಕರಿಯ ಬಿಡುವಿನಲ್ಲಿ ಭೀಮಶಾ ಈ ಯಂತ್ರವನ್ನು ಸೆಕೆಂಡ್ ಹ್ಯಾಂಡ್ ಕೊಂಡು ತಂದಿದ್ದ. ಒಬ್ಬರು ಎಲ್ಲೋ ಡಬ್ಬಿ ಬಚ್ಚಿಟ್ಟು ಅಕ್ಷಾಂಶ ರೇಖಾಂಶ ಪ್ರಕಟಿಸುತ್ತಾರೆ. ಇನ್ನೊಬ್ಬರು ಯಂತ್ರ ಹಿಡಿದು ಹುಡುಕಿ, ಒಳಗಿನ ಪುಸ್ತಕದಲ್ಲಿ ಸಹಿ ಮಾಡುತ್ತಾರೆ. ಏನಾದರೂ ತೆಗೆದುಕೊಂಡರೆ ಬದಲಿಗೆ ಏನಾದರೂ ಇಡಬೇಕು. ಜಿಯೋಕ್ಯಾಶಿಂಗ್ ಅಂತ ಹೆಸರು. “ಹುಡುಕಿದವನಿಗೆ ಏನು ಸಿಗ್ತದ?” ಎಂದು ಅವ್ವ ಕೇಳಿದರೆ, “ಡಬ್ಬಿ ಸಿಗ್ತದಲ್ಲ,” ಅನ್ನುತ್ತಿದ್ದ.

ಮಗನಿಗೂ ಪಾಠವಾಗಿತ್ತು. “ಯಂತ್ರ ಮಟ್ಟಸ ಹಿಡಿ. ಅದಕ್ಕ ಆಕಾಶ ಕಾಣಬೇಕು. ಇಪ್ಪತ್ತು ಹೆಜ್ಜಿ ಉಳೀತು ಅಂದ್ರ ಬಾಣ ಬಿಡು, ಕಣ್ಣು ನಂಬು.”

ನಂಬು ಎಂಬ ಮಾತು ಅಪ್ಪನ ಬಾಯಲ್ಲಿ ಅಪರೂಪ. ಅಂಗಾರವೆಂದು ಬೂದಿ ಕೊಡುವ ಬಾಬಾಗಳನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಅರ್ಧ ಕಣ್ಣು ಮುಚ್ಚಿ, ಮೂಗಿನಿಂದ ದನಿ ಎಳೆದು, ಗೋಡೆಯ ಸುಣ್ಣ ಬೆರಳಿಗೆ ಒತ್ತಿಕೊಂಡು ಮಗನ ಹಣೆಗೆ ಬಳಿಯುತ್ತಿದ್ದ: “ತಗೋ ಮಗನೇ, ಅಜ್ಜನ ಅಂಗಾರ. ಬ್ಯಾನಿ ಬೂದಿ ಆಗ್ತದ.” ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವ್ವ ಒಬ್ಬಳು ಕೆನ್ನೆ ಬಡಿದುಕೊಳ್ಳುತ್ತಿದ್ದಳು.

ತಾನೂ ಒಂದು ಡಬ್ಬಿ ಬಚ್ಚಿಡಬೇಕೆಂದು ಅಪ್ಪ ಆಳಂದದ ಪೇಟೆಯಿಂದ ಜೋಡಿ ಸ್ಟೀಲ್ ಡಬ್ಬಿ ತಂದಿದ್ದ. ಕಿಣ್ಣಿ ಸುಲ್ತಾನದ ಈ ಬದುವಿನ ಕಲ್ಲುಗುಪ್ಪೆಯನ್ನೂ ಅವನೇ ಆರಿಸಿದ್ದ. ಈ ಹುಚ್ಚಿನ ಸಾಮಾನನ್ನು ಅವ್ವ ಮನೆಯೊಳಗೆ ಬಿಡುತ್ತಿರಲಿಲ್ಲ. ಅಂಗಳದ ಬೇವಿನ ಗಿಡಕ್ಕೆ ನೇತಾಡಬೇಕು. ಈಗ ಮೂರು ದಿನದಿಂದ ಅಪ್ಪನಿಗೂ ಹೊಸ್ತಿಲೊಳಗೆ ಜಾಗವಿರಲಿಲ್ಲ. ಹೀಗಾಗಿ ಅಪ್ಪನ ಆಟ ಮಗನ ಪಾಲಿಗೆ ಬಂತು. ನಿನ್ನೆ ಮುಸ್ಸಂಜೆ ಗಿಡದಿಂದ ಡಬ್ಬಿ ಇಳಿಸಿಕೊಂಡು ಬಂದು, ಕಲ್ಲುಗಳ ನಡುವೆ ತುರುಕಿ, ಜಾಗವನ್ನು ಯಂತ್ರದಲ್ಲಿ ಉಳಿಸಿ ಹೋಗಿದ್ದ.

ಇಟ್ಟವನೇ ಮರುದಿನ ಬಂದು ಕೀಳುವುದು ಆಟದ ಯಾವ ನಿಯಮದಲ್ಲೂ ಇರಲಿಲ್ಲ.

ಮೂವತ್ತು. ಹನ್ನೆರಡು. ನಾಲ್ಕು. ಅವನು ಬಾಣ ಬಿಟ್ಟು ಕಣ್ಣು ನಂಬಿದ. ಕಲ್ಲುಗುಪ್ಪೆ ಕೆದರಿ ಬಿದ್ದಿತ್ತು. ಡಬ್ಬಿ ಇದ್ದಲ್ಲಿ ಒಡೆದ ತೆಂಗಿನ ಚಿಪ್ಪು.

“ಏನ್ ಹುಡುಕಾಕತ್ತೀಯಪ್ಪಾ?” ಬದುವಿನ ಮೇಲೆ ಮುದುಕಿಯೊಬ್ಬಳು ನಿಂತಿದ್ದಳು. ಹಣೆಯ ತುಂಬ ಬೂದಿ.

“ಒಂದು ಸ್ಟೀಲಿನ ಡಬ್ಬಿ ಇತ್ತಬೇ ಇಲ್ಲಿ.”

“ನಿನಗೂ ಗೊತ್ತಾತೇನು? ಬಾ ಮತ್ತ. ನಾ ನಿಂಬೆವ್ವ. ಮೊದಲ ನೋಡಿದಾಕಿ ನಾನೇ.”

ಹೊಲದಾಚೆ ಆಲದ ಕಟ್ಟೆ. ಕಟ್ಟೆಯ ಮೇಲೆ ಡಬ್ಬಿ. ಅದರ ಸುತ್ತ ನಿಂಬೆಹಣ್ಣು, ಚೆಂಡುಹೂವು, ಅರ್ಧ ಕಾಯಿ. ತೆಗೆದುಕೊಂಡವರೆಲ್ಲ ಏನಾದರೂ ಇಟ್ಟಿದ್ದರು. ಆಟ ಕಲಿಸದೆಯೇ ಬಂದಿತ್ತು. ಮುದುಕಿಯನ್ನೂ ಸೇರಿಸಿ ಹನ್ನೊಂದು ಜನ. ಹನ್ನೊಂದು ಬೂದುಬಣ್ಣದ ಹಣೆ.

“ಶಾಂತಲಿಂಗಪ್ಪನ ಹಲ್ಲುಬ್ಯಾನಿ ಹಚ್ಚಿದ ಕೂಡಲೇ ನಿಂತಿತು,” ಎಂದಳು ನಿಂಬೆವ್ವ. ಶಾಂತಲಿಂಗಪ್ಪ ಸಾಕ್ಷಿಗೆ ಬಾಯಿ ತೆರೆದು ತೋರಿಸಿದ.

“ಯವ್ವಾ, ಆ ಡಬ್ಬಿ ನಂದು.”

“ಎಲ್ಲಾರೂ ಹಂಗೇ ಅನ್ನಾಕತ್ತಾರ. ಪಾಳಿ ಹಚ್ಚು.”

“ಅದು ಅಂಗಾರ ಅಲ್ಲಬೇ.”

“ಮತ್ತೇನದು?”

ಹನ್ನೊಂದು ಹಣೆಗಳೂ ಅವನತ್ತ ತಿರುಗಿದವು. ಹೇಳಿದರೆ ಇವರು ಮೈ ತೊಳೆದುಕೊಳ್ಳಲು ಓಡುತ್ತಾರೋ, ಮೊದಲು ತನ್ನನ್ನು ಬಡಿಯುತ್ತಾರೋ, ಅವನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ನಿಂಬೆವ್ವ ಡಬ್ಬಿಗೆ ಬೆರಳು ಅದ್ದಿದಳು. ಅರ್ಧ ಕಣ್ಣು ಮುಚ್ಚಿದಳು. ಮೂಗಿನಿಂದ ದನಿ ಎಳೆದಳು.

“ತಗೋ ಮಗನೇ, ಅಜ್ಜನ ಅಂಗಾರ. ಬ್ಯಾನಿ ಬೂದಿ ಆಗ್ತದ.”

ತಣ್ಣನೆಯ ಬೆರಳು ಅವನ ಹಣೆಯ ಈ ತುದಿಯಿಂದ ಆ ತುದಿಗೆ ಹರಿಯಿತು. ಕೈ ಎತ್ತಿ ತಡೆಯಲೂ ಆಗಲಿಲ್ಲ, ಒರೆಸಿಕೊಳ್ಳಲೂ ಮನಸ್ಸಾಗಲಿಲ್ಲ.

ಮೊಬೈಲ್ ಮತ್ತೆ ಗುಂಯ್‌ಗುಟ್ಟಿತು.

“ಖರೇ ಹೇಳ್ರಿ,” ಎಂದಳು ಶಿವಗಂಗಾ. “ಮಾವಾರು ನಿಮ್ಮ ಸಂಗಾಟ ಅದಾರೋ ಇಲ್ಲೋ?”

ಮುಂಜಾನೆ ದಾರಿಯಲ್ಲಿ ಹೂವೇರಿಸಲೆಂದು, ಅಪ್ಪನೆಂದು ಗಿಡದಿಂದ ಇಳಿಸಿ ಬ್ಯಾಗಿಗೆ ಹಾಕಿಕೊಂಡಿದ್ದ ಡಬ್ಬಿಯ ಮುಚ್ಚಳ ತೆಗೆದಾಗ ಅವನಿಗೆ ಕಂಡದ್ದು ಗೋಲಿ, ಪೆನ್ಸಿಲ್ ಮತ್ತು ಸಹಿಯ ಪುಸ್ತಕ. ಅದರ ಜೋಡಿ ಡಬ್ಬಿ ಇಲ್ಲಿ ಕಟ್ಟೆಯ ಮೇಲಿತ್ತು: ಆರು ದಿನದ ಹಿಂದೆ ತಾನೇ ಕೊಳ್ಳಿ ಇಟ್ಟು, ಮೂರನೇ ದಿನ ಎಲುಬನ್ನು ಗಾಣಗಾಪುರದ ಸಂಗಮಕ್ಕೆ ಬಿಟ್ಟು ಬಂದ ಮೇಲೆ, ಉಳಿದದ್ದನ್ನು ಅವ್ವ ಬಟ್ಟೆಯಲ್ಲಿ ಸೋಸಿ ತುಂಬಿ, ಮನೆಯೊಳಗೆ ತರಬಾರದೆಂದು ಬೇವಿಗೆ ನೇತುಹಾಕಿದ್ದ ಡಬ್ಬಿ.

“ಅರ್ಧ ಅದಾರ,” ಅಂದ ಕಲ್ಯಾಣಕುಮಾರ.