ಕಡತದ ದಾರ

ಸಾಹೇಬರು ಹೊಗಳಿದವರು ನೆಲ ಬಿಟ್ಟು ಮೇಲೇಳುವುದು ಆ ಕಚೇರಿಯಲ್ಲಿ ಹೊಸದೇನಲ್ಲ. ತೇಲಿಹೋಗದಂತೆ ಅವರನ್ನು ಕಡತದ ದಾರದಿಂದ ಕುರ್ಚಿಗೆ ಕಟ್ಟುವ ಕೆಲಸ ಸುಶೀಲಾಬಾಯಿಯದು. ಹತ್ತೊಂಬತ್ತು ವರ್ಷದಲ್ಲಿ ಅವಳ ಹಿಮ್ಮಡಿ ಮಾತ್ರ ಒಮ್ಮೆಯೂ ನೆಲ ಬಿಟ್ಟಿರಲಿಲ್ಲ.

ಇವತ್ತು ಮತ್ತೆ, ಮೊನ್ನೆ ಮೊನ್ನೆ ಸೇರಿದ ರೇವತಿಯೇ ಮೇಜಿನ ಮೇಲೆ ತೇಲುತ್ತಿದ್ದಳು.

"ಅಕ್ಕಾರ, ಜರಾ ಜಗ್ಗಿ ಕಟ್ರಿ!"

ಹೊಟ್ಟೆ ಉರಿಯುತ್ತಿದ್ದರೂ ಸುಶೀಲಾಬಾಯಿ ದಾರ ಜಗ್ಗಿ ಗಂಟು ಬಿಗಿದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸಾಹೇಬರು, "ನಿಮ್ಮಂಗ ಗಂಟು ಹಾಕೋರು ಯಾರೂ ಇಲ್ಲ ಬಿಡ್ರಿ, ಸುಶೀಲಾಬಾಯಿ" ಎಂದರು.

ಅವಳ ಮೈ ಹಗುರಾಯಿತು. ಚಪ್ಪಲಿಗಳು ಕಳಚಿ ನೆಲಕ್ಕೆ ಬಿದ್ದವು.

"ಅಕ್ಕಾರ, ನೀವೂ ಬಂದ್ರಿ!" ರೇವತಿ ಚಪ್ಪಾಳೆ ತಟ್ಟಿದಳು.

ಸುಶೀಲಾಬಾಯಿಯ ಕಣ್ಣು ಮಾತ್ರ ರೇವತಿಯ ಪಾದದ ಮೇಲೇ ಇತ್ತು. ಅದು ತನ್ನ ಪಾದಕ್ಕಿಂತ ಇನ್ನೂ ನಾಲ್ಕು ಬೆರಳು ಮೇಲಿತ್ತು.