ಒಂದು ಚಿಟಿಕೆ ದ್ವೀಪ

"ನಾಲ್ಕು ಗಂಟೆಗೆ ವಾಪಸ್ ಬಂದಿರ್ಬೇಕು. ನಾಲ್ಕು ಅಂದ್ರೆ ನಾಲ್ಕು" ಎನ್ನುತ್ತ ಲಾಂಡ್ರಿಯ ಮೇಸ್ತ್ರಿ ದಡಕ್ಕಿಳಿಯುವ ಚೀಟಿಯನ್ನು ಕೊನೆಗೂ ಇಸ್ತ್ರಿಯವನ ಕೈಗಿಟ್ಟ. ಇಟ್ಟ ಮೇಲೂ ಅದರ ಒಂದು ತುದಿಯನ್ನು ಬಿಡಲಿಲ್ಲ. "ಇವತ್ತಿನ ಪಾರ್ಟಿಗೆ ಇನ್ನೂರು ಮೇಜುಬಟ್ಟೆ ಆಗ್ಬೇಕು, ನೆನಪಿರ್ಲಿ."

"ಬಿಡ್ರೀ ಮೇಸ್ತ್ರಿ, ಹೋಗ್ಲಿ ಪಾಪ" ಎಂದಳು ಟವೆಲು ಮಡಚುತ್ತಿದ್ದ ಅಕ್ಕ. ವಯಸ್ಸಿನಲ್ಲಿ ದೊಡ್ಡವಳೆಂದು ಅವಳು ಅಲ್ಲಿ ಎಲ್ಲರಿಗೂ ಅಕ್ಕ. "ಏಳು ತಿಂಗಳಿಂದ ಈ ಮನುಷ್ಯ ಸಮುದ್ರಾನ ವಾಷಿಂಗ್ ಮಷೀನಿನ ಗಾಜಿನಲ್ಲೇ ನೋಡಿರೋದು."

ಅವಳು ಹೇಳಿದ್ದು ತಮಾಷೆಯೇನಲ್ಲ. ಆ ಐಷಾರಾಮಿ ಹಡಗಿನಲ್ಲಿ ಲಾಂಡ್ರಿ ಇದ್ದದ್ದು ನೀರಿನ ಮಟ್ಟಕ್ಕಿಂತ ಕೆಳಗೆ. ಕಿಟಕಿ ಎಂಬುದೇ ಇರಲಿಲ್ಲ. ಮೇಲಿನ ಅತಿಥಿಗಳು ದಿನಕ್ಕೊಂದು ದ್ವೀಪಕ್ಕಿಳಿಯುತ್ತಿದ್ದರು, ಆ ದ್ವೀಪ ಅವರ ಟವೆಲುಗಳಲ್ಲಿ ಇವನ ಬಳಿಗೆ ಇಳಿದು ಬರುತ್ತಿತ್ತು. ತೊಳೆದ ಮೇಲೆ ಯಂತ್ರದ ಜಾಲರಿಯಲ್ಲಿ ಉಳಿದ ಮರಳು ನೋಡಿಯೇ ಹಡಗು ಎಲ್ಲಿ ನಿಂತಿದೆಯೆಂದು ಅವನು ಹೇಳಬಲ್ಲವನಾಗಿದ್ದ: ಕಪ್ಪಾದರೆ ಬೆಂಕಿಬೆಟ್ಟದ ದ್ವೀಪ, ನಸುಗೆಂಪಾದರೆ ಹವಳದ್ದು. ಪ್ರತಿಯೊಂದರಲ್ಲೂ ಒಂದೊಂದು ಚಿಟಿಕೆ ಪೊಟ್ಟಣ ಕಟ್ಟಿ, ರಜೆಯ ಮೇಲೆ ಊರಿಗೆ ಹೊರಟವರ ಕೈಯಲ್ಲಿ ಮಗಳಿಗೆ ಕಳಿಸುತ್ತಿದ್ದ. 'ಇದು ಅಪ್ಪ ನಡೆದ ದಡ' ಎಂದು ಚೀಟಿಯನ್ನೂ ಬರೆದಿಡುತ್ತಿದ್ದ. ಅವಳು ಅವನ್ನೆಲ್ಲ ಸಣ್ಣ ಸಣ್ಣ ಶೀಶೆಗಳಿಗೆ ತುಂಬಿ ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದಳು. ಆರು ಶೀಶೆ.

ಹೋದ ವಾರ ಫೋನಿನಲ್ಲಿ ಮಾತೆಲ್ಲ ಮುಗಿದ ಮೇಲೂ ಅವಳು ಇಟ್ಟಿರಲಿಲ್ಲ.

"ಅಪ್ಪಾ, ಎಲ್ಲಾ ದ್ವೀಪಾನೂ ಸೋಪಿನ ವಾಸನೆ ಯಾಕೆ ಬರುತ್ತೆ?"

"ಏನಮ್ಮಾ? ಸರಿಯಾಗಿ ಕೇಳಿಸ್ತಿಲ್ಲ."

"ನೀನು ಇಳಿದೇ ಇಲ್ಲ, ಅಲ್ವಾ?"

ಇವನು ಫೋನನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಿಸಿದ. ಆಮೇಲೆ ದೊಡ್ಡವರು ಮಕ್ಕಳನ್ನು ಸಮಾಧಾನ ಮಾಡುವ ದನಿಯಲ್ಲಿ ಅವಳೇ ಹೇಳಿದ್ದಳು: "ಹೋಗ್ಲಿ ಬಿಡು. ಒಂದೇ ಒಂದು ಸಲ ಇಳಿದು, ನಡೆದು, ತಗೊಂಡ್ ಬಾ. ಸಾಕು." ಅಂದಿನಿಂದ ಅವನು ಮೇಸ್ತ್ರಿಯ ಬೆನ್ನು ಹತ್ತಿದ್ದ.

ದಡದಲ್ಲಿ ಅವನು ಹೆಚ್ಚೇನೂ ಮಾಡಲಿಲ್ಲ. ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಡೆದ. ನೀರು ಇಷ್ಟು ಬೆಚ್ಚಗಿರುತ್ತದೆಂದು ಟವೆಲುಗಳು ಯಾವತ್ತೂ ಹೇಳಿರಲಿಲ್ಲ. ಅಲೆ ಹಿಂದಕ್ಕೆ ಸರಿಯುವಾಗ ಪಾದದಡಿಯ ಮರಳು ಮೆಲ್ಲಗೆ ಜಾರುವುದನ್ನು ಮಗಳಿಗೆ ಹೇಗೆ ಹೇಳುವುದೆಂದು ಯೋಚಿಸಿದ, ಮಾತು ಸಿಗಲಿಲ್ಲ. ಪೊಟ್ಟಣಕ್ಕೆ ಕಾಗದ ತರುವುದೇ ಮರೆತುಹೋಗಿತ್ತು. ಪ್ಯಾಂಟಿನ ಎರಡೂ ಜೇಬಿಗೆ ಮುಷ್ಟಿ ಮುಷ್ಟಿ ಮರಳು ತುಂಬಿಕೊಂಡ. ಅಷ್ಟರಲ್ಲಿ ಹಡಗು ಕೂಗಿತು. ಸಮವಸ್ತ್ರದವರು ಬರಿಗಾಲಲ್ಲಿ ಮೆಟ್ಟಿಲು ಹತ್ತುವಂತಿರಲಿಲ್ಲ. ಒದ್ದೆ ಕಾಲನ್ನೇ ಕಾಲುಚೀಲಕ್ಕೆ ತುರುಕಿ, ಶೂ ಕಟ್ಟಿಕೊಂಡು ಓಡಿದ.

ಮೆಟ್ಟಿಲ ಬುಡದಲ್ಲಿ ಅತಿಥಿಗಳ ಸಾಲು. ಕಾವಲಿನವನು ನಗುನಗುತ್ತ ಎಲ್ಲರಿಗೂ ಹೇಳುತ್ತಿದ್ದ: "ದಯವಿಟ್ಟು ಮರಳು ಒದರಿ ಬನ್ನಿ." ಯಾರೂ ಒದರುತ್ತಿರಲಿಲ್ಲ. 'ಇವರ ಮನೆ ಹಾಳಾಗ, ಜಾಲರಿ ಕಟ್ಟಿಕೊಂಡರೆ ಉಜ್ಜುವವರು ಯಾರು' ಎಂದು ಏಳು ತಿಂಗಳಿಂದ ಬೈಯುತ್ತ ಬಂದವನು ಇಂದೂ ಮನಸ್ಸಿನಲ್ಲೇ ಬೈದುಕೊಂಡ. ಬೈಯುತ್ತಲೇ ಪಕ್ಕಕ್ಕೆ ಸರಿದು, ಪ್ಯಾಂಟಿನ ಅಂಚು ಕೊಡವಿ, ಲಾಂಡ್ರಿಯ ರೂಢಿಯಲ್ಲೇ ಎರಡೂ ಜೇಬುಗಳನ್ನು ಹೊರಕ್ಕೆಳೆದು ನೀರಿನ ಕಡೆಗೆ ಪಟಪಟನೆ ಒದರಿದ.

ನಾಲ್ಕನೆಯ ಮೆಟ್ಟಿಲಲ್ಲಿ ಕೈ ಖಾಲಿ ಜೇಬಿಗೆ ತಾಗಿ ಅವನ ಕಾಲು ನಿಂತಿತು. "ನಡೀರಿ, ನಡೀರಿ" ಎಂದರು ಹಿಂದಿನಿಂದ.

"ತಂದ್ಯೇನಪ್ಪಾ?" ಕೆಳಗೆ ಲಾಂಡ್ರಿಯಲ್ಲಿ ಅಕ್ಕ ಕೇಳಿದಳು. ಅವನು ಖಾಲಿ ಜೇಬುಗಳನ್ನು ಎಳೆದು ತೋರಿಸಿದ. ಒಗೆದು ಒಣಗಿಸಿದ ಹಾಗಿದ್ದವು. ಅವಳಿಗೆ ಮೊದಲು ನಗು ಬಂತು. ಅವನ ಮುಖ ನೋಡಿ ನುಂಗಿಕೊಂಡಳು. ಆಗತಾನೇ ಮೇಲಿಂದ ಬಂದ ಟವೆಲು ಚೀಲವನ್ನು ಅವನತ್ತ ತಳ್ಳಿದಳು. "ಇದೂ ಅದೇ ದಡದ್ದೇ ಅಲ್ವೇನೋ? ಒಗೆಯೋಕೆ ಮುಂಚೇನೇ ತಗೋ, ಸೋಪು ಸೋಕಿರಲ್ಲ."

ಅವನು ಕೈ ಹಾಕಿ ಒಂದು ಚಿಟಿಕೆ ತೆಗೆದು ಮೂಸಿದ. ಯಾರೋ ಮೈಗೆ ಬಳಿದುಕೊಂಡ ದುಬಾರಿ ಎಣ್ಣೆಯ ಘಮ. ಮರಳನ್ನು ಚೀಲಕ್ಕೇ ಉದುರಿಸಿ ಇಸ್ತ್ರಿಯ ಮುಂದೆ ಹೋಗಿ ನಿಂತ.

ನೂರ ಇಪ್ಪತ್ತನೆಯದೋ ಏನೋ, ಒಂದು ಮೇಜುಬಟ್ಟೆ ಅರ್ಧಕ್ಕೆ ಬಂದಾಗ ಹಿಮ್ಮಡಿಯಲ್ಲಿ ಆಗಿನಿಂದಲೂ ಏನೋ ಚುಚ್ಚುತ್ತಿದೆಯೆಂಬುದು ಅವನಿಗೆ ಗೊತ್ತಾಯಿತು. ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿಟ್ಟ. ನೆಲದ ಮೇಲೆ ಕೂತು, ಶೂ ಬಿಚ್ಚಿ, ಕಾಲುಚೀಲವನ್ನು ಮೆಲ್ಲಗೆ ತಿರುವಿ, ಕಾಗದದ ಮೇಲೆ ತಟ್ಟಿದ. ಒಂದು ಚಿಟಿಕೆಯೂ ಆಗದಷ್ಟು ಉದುರಿತು.

"ಥೂ, ಏನೋ ಅದು ನಾತ!" ಅಕ್ಕ ತೋಳಿನಿಂದ ಮೂಗು ಮುಚ್ಚಿಕೊಂಡಳು.

"ನಂದೇ ಅಕ್ಕಾ" ಎಂದ ಇಸ್ತ್ರಿಯವನು, ತನ್ನ ಉಸಿರು ತಾಗಿ ಮರಳು ಹಾರಿಹೋದೀತೆಂದು ಮುಖವನ್ನು ಆಚೆ ತಿರುಗಿಸಿಕೊಂಡು.