ಹೆಸರಿಲ್ಲದ ಚೀಟಿ

ಪ್ರಾರ್ಥನಾ ಮಂದಿರದ ಮುಂದಿನ ಸಾಲಿಗೆ ಉಳ್ಳವರ ಕುರ್ಚಿಗಳು ಬಂದ ಭಾನುವಾರ ದಯಾಮಣಿ ಎದ್ದು ನಿಂತು, "ಬಡವರ ಚಾಪೆ ಹಿಂದಕ್ಕೆ ಸರೀತಿದೆ, ಕರ್ತರು ಇದನ್ನ ಮೆಚ್ಚಲ್ಲ" ಎಂದು ಪ್ರವಾದನೆ ನುಡಿದಿದ್ದಳು. ಅದು ದೇವರ ಮಾತಲ್ಲ, ಹೊಟ್ಟೆಕಿಚ್ಚಿನ ಮಾತು ಎಂದರು ಪಾಸ್ಟರು. ಅಂದಿನಿಂದ ಅವಳು ಸಭೆಯಲ್ಲಿ ಬಾಯಿ ತೆರೆಯುವಂತಿರಲಿಲ್ಲ. ಅವಳ ಚಾಪೆ ಚಪ್ಪಲಿ ಬಿಡುವ ಬಾಗಿಲಿಗೆ ಬಂತು; ಪಕ್ಕದಲ್ಲಿ ಯಾರೂ ಕೂರಲಿಲ್ಲ. ಒಳಗೆ ಹುಟ್ಟುವ ಮಾತು ಬಿಸಿ ತುಪ್ಪವಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ.

ಎರಡು ವರ್ಷ ಹೀಗೇ ಕಳೆದ ಮೇಲೆ, ಒಂದು ಭಾನುವಾರ ಅವಳು ಪ್ರಾರ್ಥನೆಯ ಕೋರಿಕೆ ಹಾಕುವ ಡಬ್ಬಿಗೆ ಹೆಸರು ಬರೆಯದ ಚೀಟಿಯೊಂದನ್ನು ಹಾಕಿದಳು. 'ದೇವರು ಕೊಟ್ಟ ಮಾತು ಹೇಳಿದ್ದಕ್ಕೆ ನನ್ನವರೇ ನನ್ನನ್ನು ದೂರವಿಟ್ಟಿದ್ದಾರೆ. ಇನ್ನು ಸುಮ್ಮನಾಗಿಬಿಡಲೇ?'

ಒಂದು ಕೋರಿಕೆ ಓದಿ ಪ್ರಾರ್ಥಿಸಲೆಂದು ಪಾಸ್ಟರು ಡಬ್ಬಿಗೆ ಕೈ ಹಾಕಿದಾಗ ಅದೇ ಚೀಟಿ ಸಿಕ್ಕಿತು. ಗಟ್ಟಿಯಾಗಿ ಓದಿದರು. ಕಣ್ಣು ಮುಚ್ಚಿ ಮೈಕು ಹಿಡಿದರು.

"ಬರೆದೋರು ಯಾರೋ ನಂಗೊತ್ತಿಲ್ಲ. ಆದ್ರೆ ಕರ್ತರು ಹೇಳ್ತಿದಾರೆ: ನನ್ನ ಮಗುವೇ, ನಿನ್ನನ್ನು ನಾನು ತಳ್ಳಿಬಿಟ್ಟಿಲ್ಲ. ನಿನ್ನ ಬಾಯಿ ಮುಚ್ಚಿಸಿದವರು ನನ್ನ ಬಾಯಿ ಮುಚ್ಚಿಸಿದ್ದಾರೆ. ಎದ್ದೇಳು, ಮಾತಾಡು!"

ಸಭೆಗೆ ಸಭೆಯೇ "ಆಮೆನ್" ಎಂದು ಅತ್ತಿತು. ಕುರ್ಚಿಯಲ್ಲಿದ್ದವರೂ ಕಣ್ಣೊರೆಸಿಕೊಂಡರು. ಎರಡು ವರ್ಷದಿಂದ ಕಲ್ಲಾಗಿದ್ದ ದಯಾಮಣಿಯ ಎದೆ ಕರಗಿ ನೀರಾಯಿತು. ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಂತಳು.

"ಪಾಸ್ಟರ್, ಆ ಚೀಟಿ..."

"ಕೂತ್ಕೊಳಮ್ಮ," ಎಂದರು ಪಾಸ್ಟರು, ಕಣ್ಣೀರು ಒರೆಸಿಕೊಳ್ಳುತ್ತಲೇ. "ದೇವರು ಮಾತಾಡೋವಾಗ ಮಧ್ಯೆ ಬಾಯಿ ಹಾಕಬೇಡ."